ಗಡಿಯಾರದ ಕೆಳಗೆ

ಅಂಗಡಿಗೆ ಹೋಗುವವರೆಲ್ಲರೂ ಸಾಮಾನು ಕೊಳ್ಳುವುದಕ್ಕಾಗಿಯೇ ಹೋಗುತ್ತಾರೆಂದು ನಂಬಿದವನು ವ್ಯಾಪಾರವನ್ನು ಬಲ್ಲವನಿರಬಹುದು, ಮನುಷ್ಯರನ್ನು ಬಲ್ಲವನಲ್ಲ. ಎರಡು ಕಟ್ಟು ಸೊಪ್ಪು ತರುತ್ತೇನೆಂದು ಹೊರಟ ಗೃಹಿಣಿ ಒಂದು ಗಂಟೆ ತಡವಾಗಿ ಹಿಂದಿರುಗಿದರೆ, ಆ ಗಂಟೆಯೆಲ್ಲವೂ ಸೊಪ್ಪಿನ ಚೌಕಾಶಿಯಲ್ಲಿ ಕಳೆದುದಲ್ಲವೆಂದು ಮನೆಯವರೆಲ್ಲರಿಗೂ ಗೊತ್ತು. ಅಂಗಡಿಯ ಮುಂದೆ ಯಾರೋ ಸಿಕ್ಕಿರುತ್ತಾರೆ. ಮಗಳ ಮದುವೆ, ಮಗನ ಪರೀಕ್ಷೆ, ಅತ್ತೆಯ ಕಾಲುನೋವು ಎಲ್ಲವೂ ಅಲ್ಲಿಯೇ ವಿನಿಮಯವಾಗಿರುತ್ತವೆ. ಸಂತೆಗೆ ಹೋದವನು ಬರಿಗೈಯಲ್ಲಿ ಹಿಂದಿರುಗಬಹುದು, ಬರಿಮನಸ್ಸಿನಲ್ಲಿ ಹಿಂದಿರುಗುವುದಿಲ್ಲ.

ಈ ಎರಡನೆಯ ಸರಕಿಗೆ, ಎಂದರೆ ನಾಲ್ಕು ಜನರ ನಡುವೆ ನಿಂತು ಬಂದ ಸುಖಕ್ಕೆ, ಯಾವ ಅಂಗಡಿಯವನೂ ಬೆಲೆಚೀಟಿ ಅಂಟಿಸುವುದಿಲ್ಲ. ಅದು ಅವನ ಖಾತೆ ಪುಸ್ತಕದಲ್ಲಿ ಜಮೆಯೂ ಆಗುವುದಿಲ್ಲ, ಖರ್ಚೂ ಆಗುವುದಿಲ್ಲ. ಆದುದರಿಂದಲೇ ಅದು ಇರುವ ತನಕ ಇದೆಯೆಂಬುದು ತಿಳಿಯುವುದಿಲ್ಲ. ಹೋದ ಮೇಲೆ ಹೋದದ್ದು ಏನೆಂದು ಹೇಳಲು ಬರುವುದಿಲ್ಲ. ಅಮೆರಿಕಾದ ರಾಚೆಸ್ಟರ್ ಎಂಬ ನಗರವು ಈ ಸುಖವನ್ನು ಸುಮಾರು ನೂರು ವರ್ಷ ಅನುಭವಿಸಿತು, ಅನಂತರ ಕಳೆದುಕೊಂಡಿತು, ಈಗ ಮತ್ತೆ ಹುಡುಕುತ್ತಿದೆ. ಆ ಕಥೆ ಕೇಳತಕ್ಕದ್ದು.

ರಾಚೆಸ್ಟರ್ ಇರುವುದು ನ್ಯೂಯಾರ್ಕ್ ರಾಜ್ಯದಲ್ಲಿಯೇ. ಆದರೆ ಗಗನಚುಂಬಿ ಕಟ್ಟಡಗಳ ಆ ಮಹಾನಗರಕ್ಕೂ ಇದಕ್ಕೂ ಬಹಳ ದೂರ. ರಾಜ್ಯದ ಪಶ್ಚಿಮ ಭಾಗದಲ್ಲಿ, ಆಂಟೇರಿಯೋ ಸರೋವರದ ದಕ್ಷಿಣ ದಂಡೆಗೆ ಸಮೀಪವಾಗಿ, ಜೆನೆಸೀ ನದಿಯು ಧುಮುಕಿ ಹರಿಯುವೆಡೆಯಲ್ಲಿ ಈ ಊರು ಹುಟ್ಟಿತು. ನದಿಯ ಜಲಪಾತವು ಹಿಟ್ಟಿನ ಗಿರಣಿಗಳನ್ನು ತಿರುಗಿಸಿತು. ಈರೀ ಕಾಲುವೆಯು ಹಿಟ್ಟನ್ನು ಹೊತ್ತುಕೊಂಡು ಹೋಯಿತು. ಗಿರಣಿಗಳ ವೈಭವ ಇಳಿದ ಮೇಲೆ ಜಾರ್ಜ್ ಈಸ್ಟ್‌ಮನ್ ಎಂಬಾತನು ಇಲ್ಲಿ ಕೊಡಕ್ ಕ್ಯಾಮೆರಾ ಮತ್ತು ಫಿಲ್ಮಿನ ಉದ್ಯಮವನ್ನು ಕಟ್ಟಿದನು. 1950ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 3,32,488. ಮಹಾನಗರವೆನ್ನಲು ಚಿಕ್ಕದು, ಪಟ್ಟಣವೆನ್ನಲು ದೊಡ್ಡದು.

ಇಂಥ ಮಧ್ಯಮ ಗಾತ್ರದ ಊರುಗಳಿಗೆ ಒಂದು ಭಾಗ್ಯವಿತ್ತು. ಅಲ್ಲಿ ಮುಖ್ಯವಾದ ಪೇಟೆ ಒಂದೇ. ಕಾರ್ಖಾನೆಯ ಒಡೆಯನ ಹೆಂಡತಿಯೂ ಕೂಲಿಯವನ ಹೆಂಡತಿಯೂ ಚಳಿಗಾಲದ ಕೋಟು ಬೇಕಾದರೆ ಅದೇ ಮೇನ್ ಸ್ಟ್ರೀಟಿಗೆ ಬರಬೇಕು. ಒಬ್ಬಳು ಮೋಟಾರಿನಲ್ಲಿ ಬಂದಾಳು, ಇನ್ನೊಬ್ಬಳು ಟ್ರಾಮಿನಲ್ಲಿ ಬಂದಾಳು. ಬರುವ ಬೀದಿ ಮಾತ್ರ ಒಂದೇ.

ಆ ಬೀದಿಯಲ್ಲಿ 1868ರಲ್ಲಿ ರೂಫಸ್ ಸಿಬ್ಲಿ, ಅಲೆಕ್ಸಾಂಡರ್ ಲಿಂಡ್ಸೆ, ಜಾನ್ ಕರ್ ಎಂಬ ಮೂವರು ಪಾಲುದಾರರು ಜವಳಿ ಅಂಗಡಿಯೊಂದನ್ನು ತೆರೆದರು. ಹೆಸರಿನಲ್ಲಿ ಮೂವರೂ ಇದ್ದರು. ಊರವರ ಬಾಯಲ್ಲಿ ಮೊದಲನೆಯವನೊಬ್ಬನೇ ಉಳಿದನು. ಅಂಗಡಿ 'ಸಿಬ್ಲೀಸ್' ಆಯಿತು. 1904ರ ಫೆಬ್ರವರಿ 26ರಂದು ನೆರೆಯ ಮಳಿಗೆಯೊಂದರಲ್ಲಿ ಹೊತ್ತಿದ ಬೆಂಕಿ ಜವಳಿಯ ಸಾಲನ್ನೇ ನುಂಗಿತು. ಸಿಬ್ಲೀಸ್ ಕೂಡ ಸುಟ್ಟುಹೋಯಿತು. ಮರುವರ್ಷವೇ, 1905ರಲ್ಲಿ, ಮೇನ್ ಸ್ಟ್ರೀಟ್ ಮತ್ತು ಕ್ಲಿಂಟನ್ ಅವೆನ್ಯೂ ಕೂಡುವ ಮೂಲೆಯಲ್ಲಿ ಅದಕ್ಕೆ ಹೊಸ ಕಟ್ಟಡ ಸಿದ್ಧವಾಯಿತು. ತಲೆಯ ಮೇಲೆ ಗೋಪುರ, ಗೋಪುರದಲ್ಲಿ ಗಡಿಯಾರ. ಎದುರುಗಡೆ ಮೆಕರ್ಡೀಸ್, ಅದರ ಬಳಿಯಲ್ಲಿಯೇ ಹೆಂಗಸರ ಉಡುಪಿಗೆ ಹೆಸರಾದ ಫಾರ್ಮನ್ಸ್. ಹೀಗೆ ಒಂದೊಂದಾಗಿ ಬೀದಿ ತುಂಬಿತು.

ಡಿಪಾರ್ಟ್‌ಮೆಂಟ್ ಸ್ಟೋರ್ ಎಂದರೆ ಗಾತ್ರದಲ್ಲಿ ದೊಡ್ಡದಾದ ಅಂಗಡಿ ಎಂದಷ್ಟೇ ತಿಳಿದರೆ ಅದರ ಸ್ವಾರಸ್ಯ ಸಿಕ್ಕುವುದಿಲ್ಲ. ಹಿಂದಿನ ಕಾಲದ ಅಂಗಡಿಯಲ್ಲಿ ಗಿರಾಕಿಗೂ ಸರಕಿಗೂ ನಡುವೆ ಒಂದು ಕಟ್ಟೆ. ಕಟ್ಟೆಯ ಆಚೆ ಅಂಗಡಿಯವನು. ಬೆಲೆ ಅವನ ಮನಸ್ಸಿನಲ್ಲಿ. ಮುಖ ನೋಡಿ ಮಣೆ ಹಾಕುವಂತೆ ಮುಖ ನೋಡಿ ಬೆಲೆ ಹೇಳುವನು. ಒಳಗೆ ಕಾಲಿಟ್ಟ ಮೇಲೆ ಏನನ್ನಾದರೂ ಕೊಳ್ಳದೆ ಹೊರಗೆ ಬರುವುದೂ ಮುಲಾಜಿನ ಮಾತು. 19ನೆಯ ಶತಮಾನದಲ್ಲಿ ಪ್ಯಾರಿಸಿನ ಬಾನ್ ಮಾರ್ಷೆ ಎಂಬ ಮಳಿಗೆಯೂ, ನ್ಯೂಯಾರ್ಕಿನ ಎ. ಟಿ. ಸ್ಟುವರ್ಟ್, ಫಿಲಡೆಲ್ಫಿಯಾದ ಜಾನ್ ವಾನಮೇಕರ್ ಮೊದಲಾದ ವರ್ತಕರೂ ಈ ಪದ್ಧತಿಯನ್ನು ತಲೆಕೆಳಗು ಮಾಡಿದರು. ಸರಕಿನ ಮೇಲೆ ಬೆಲೆ ಬರೆದಿಟ್ಟರು. ಬಡವನಿಗೂ ಬಲ್ಲಿದನಿಗೂ ಅದೇ ಬೆಲೆ. ಬಾಗಿಲನ್ನು ತೆರೆದಿಟ್ಟರು; ನೋಡಿಕೊಂಡು ಹೋಗುವವನಿಗೂ ಸ್ವಾಗತ. ಮನೆಗೆ ಒಯ್ದದ್ದು ಒಪ್ಪಿಗೆಯಾಗದಿದ್ದರೆ ಹಿಂದಕ್ಕೆ ತರಬಹುದು. ಹಣ ಮರಳಿ ಸಿಕ್ಕುವುದು. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆ ಅಂಥ ಅಂಗಡಿಯ ಹೊಸ್ತಿಲ ಹೊರಗೆಯೇ ಉಳಿಯಿತು.

ಒಳಗಿನ ವ್ಯವಸ್ಥೆಯೂ ಒಂದು ಶಾಸ್ತ್ರವೇ. ಬಾಗಿಲ ಬಳಿಯಲ್ಲಿ ಕೈಗವಸು, ಅತ್ತರು, ಕರವಸ್ತ್ರ, ಆಭರಣ. ಎಂದರೆ ಬೇಕೆಂದು ಬಾರದಿದ್ದರೂ ಕಂಡೊಡನೆ ಬೇಕೆನ್ನಿಸುವ ವಸ್ತುಗಳು. ಮಂಚ, ಮೇಜು, ರತ್ನಗಂಬಳಿ ಮೇಲಿನ ಮಹಡಿಗಳಲ್ಲಿ. ಮನೆಗೆ ಮಂಚ ಬೇಕಾದವನು ಎಷ್ಟು ಮಹಡಿಯಾದರೂ ಹತ್ತಿಯಾನೆಂದು ಅಂಗಡಿಯವನಿಗೆ ಗೊತ್ತು. ದಾರಿಯಲ್ಲಿ ಅವನ ಕಣ್ಣು ಇನ್ನೂ ಹತ್ತು ವಸ್ತುಗಳ ಮೇಲೆ ಬೀಳಲಿ ಎಂಬುದು ಒಳಗುಟ್ಟು. ನೆಲಮಾಳಿಗೆಯಲ್ಲಿ ಅಗ್ಗದ ಮಾಲು. ಅಲ್ಲಿ ಹೆಂಗಸರ ಮೊಣಕೈಗಳಿಗೆ ಕೆಲಸ. ಲಿಫ್ಟಿನಲ್ಲಿ ಕೈಗವಸು ತೊಟ್ಟ ನೌಕರರು ಒಂದೊಂದು ಮಹಡಿಗೂ ನಿಂತು, ಅಲ್ಲಿ ದೊರೆಯುವ ಸರಕುಗಳ ಹೆಸರನ್ನು ಅಷ್ಟೋತ್ತರದಂತೆ ಹೇಳುವರು. ಕೊಟ್ಟ ನೋಟು ಹಿತ್ತಾಳೆಯ ಕರಂಡಕವೊಂದನ್ನು ಸೇರಿ, ಗಾಳಿಯ ಒತ್ತಡದಿಂದ ಕೊಳವೆಯೊಳಗೆ ಸುಯ್ಯೆಂದು ಹಾರಿ, ಕಾಣದ ಯಾವುದೋ ಕೋಣೆಯ ಕ್ಯಾಷಿಯರನ್ನು ಕಂಡು, ಚಿಲ್ಲರೆಯನ್ನು ಹೊತ್ತು ತಿರುಗಿ ಬರುವುದು. ಅಂಥ ಕೊಳವೆಯ ಮುಂದೆ ಬಾಯಿ ತೆರೆದು ನಿಂತ ಮಗುವಿಗೆ ತಾಯಿ ಕೊಂಡ ಬಟ್ಟೆಯ ಬಣ್ಣ ನೆನಪಿರದು; ಆ ಸುಯ್ಯೆಂಬ ಸದ್ದು ಮುಪ್ಪಿನವರೆಗೂ ನೆನಪಿರುವುದು.

ಹೆಂಗಸರ ಪಾಲಿಗೆ ಈ ಅಂಗಡಿಗಳು ಮಾಡಿದ ಉಪಕಾರವನ್ನು ಚರಿತ್ರಕಾರರು ತಡವಾಗಿ ಗುರುತಿಸಿದರು. ಮರ್ಯಾದಸ್ಥ ಮನೆತನದ ಹೆಣ್ಣು ಒಬ್ಬಳೇ ಹೋಟೆಲಿಗೆ ಹೋಗಿ ಊಟಕ್ಕೆ ಕುಳಿತರೆ ಹುಬ್ಬೇರಿಸುತ್ತಿದ್ದ ಕಾಲ ಅದು. ಬೀದಿಯಲ್ಲಿ ಕಾರಣವಿಲ್ಲದೆ ನಿಲ್ಲುವುದು ಗಂಡಸಿನ ಹಕ್ಕಾಗಿತ್ತು. ಡಿಪಾರ್ಟ್‌ಮೆಂಟ್ ಸ್ಟೋರ್ ಆಕೆಗೆ ಒಂದು ಟೀ ರೂಮನ್ನು ಕೊಟ್ಟಿತು. ಕಾಲು ಚಾಚಿ ಕುಳಿತುಕೊಳ್ಳಲು ವಿಶ್ರಾಂತಿಯ ಕೋಣೆಯನ್ನು ಕೊಟ್ಟಿತು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯಿಂದ ಹೊರಡಲು ಯಾರೂ ಆಕ್ಷೇಪಿಸಲಾರದ ಒಂದು ಕಾರಣವನ್ನು ಕೊಟ್ಟಿತು. ಸೂಸನ್ ಬಿ. ಆಂಥೊನಿ ಎಂಬ ಧೀರೆ, ಹೆಣ್ಣಿಗೆ ಮತದಾನದ ಹಕ್ಕಿಲ್ಲದ 1872ರಲ್ಲಿ ಮತ ಹಾಕಿ ಬಂಧನಕ್ಕೆ ಒಳಗಾದದ್ದು ಇದೇ ರಾಚೆಸ್ಟರಿನಲ್ಲಿ. ಮತಗಟ್ಟೆಯ ಬಾಗಿಲು ತೆರೆಯಲು ಇನ್ನೂ ಹಲವು ದಶಕಗಳು ಬೇಕಾದವು. ಅಂಗಡಿಯ ಬಾಗಿಲು ಅದಕ್ಕಿಂತ ಮೊದಲೇ ತೆರೆದಿತ್ತು.

ಹಾಗೆಂದು ಅದು ನಂದನವನವೇನೂ ಅಲ್ಲ. ಕಟ್ಟೆಯ ಹಿಂದೆ ಸಂಜೆಯ ತನಕ ನಿಂತೇ ಇರಬೇಕಾದ ಮಾರಾಟದ ಹುಡುಗಿಯರು ತಾವು ಮಡಿಸಿ ಕೊಡುತ್ತಿದ್ದ ರೇಷ್ಮೆಯನ್ನು ತಮ್ಮ ಸಂಬಳದಲ್ಲಿ ಕೊಳ್ಳಲಾರರು. ಅದಕ್ಕಿಂತ ದೊಡ್ಡ ಕಳಂಕ ಮತ್ತೊಂದಿತ್ತು. ಎಲ್ಲರಿಗೂ ತೆರೆದ ಬಾಗಿಲು ಎಂಬ ಮಾತಿನಲ್ಲಿ 'ಎಲ್ಲರು' ಎಂದರೆ ಯಾರು? ಕಪ್ಪು ಜನರ ಹಣವು ಅಮೆರಿಕಾದ ದೊಡ್ಡ ಅಂಗಡಿಗಳಲ್ಲಿ ಚಲಾವಣೆಯಾಗುತ್ತಿತ್ತು. ಅವರ ಮಕ್ಕಳು ಮಾತ್ರ ಕಟ್ಟೆಯ ಹಿಂದೆ ಮಾರಾಟಕ್ಕೆ ನಿಂತದ್ದು ಬಹಳ ಕಾಲ ಅಪರೂಪ. ಲಿಫ್ಟು, ಉಗ್ರಾಣ, ಕಸಬರಿಕೆ, ಅಲ್ಲಿಗೆ ಅವರ ನೌಕರಿ ಮುಗಿಯಿತು. ದಕ್ಷಿಣದ ರಾಜ್ಯಗಳಲ್ಲಂತೂ ಬಟ್ಟೆ ಕೊಳ್ಳಬಹುದು, ಅದೇ ಅಂಗಡಿಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿಯುವಂತಿರಲಿಲ್ಲ. 1960ರ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ಎಂಬ ಇಂಥದೇ ಮಧ್ಯಮ ಗಾತ್ರದ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯ ಮುಂದೆ ಕುಳಿತರು; ಕಾಫಿ ಕೇಳಿದರು; ಕೊಡಲಿಲ್ಲ; ಆದರೂ ಏಳಲಿಲ್ಲ. ಆ ಕುಳಿತ ಭಂಗಿಯೇ ದೇಶವನ್ನು ಅಲುಗಾಡಿಸಿತು. ಅವರು ಕೇಳಿದ್ದು ಅಂಗಡಿಯ ಸರಕನ್ನಲ್ಲ, ಬೆಲೆಚೀಟಿಯಿಲ್ಲದ ಆ ಎರಡನೆಯ ಸರಕನ್ನು: ನಾಲ್ಕು ಜನರ ನಡುವೆ ಕುಳಿತುಕೊಳ್ಳುವ ಹಕ್ಕನ್ನು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕಾದ ಊರುಗಳು ಬಿಚ್ಚಿದ ಗಂಟಿನಂತೆ ಹರಡಿಕೊಂಡವು. ಯುದ್ಧದಿಂದ ಹಿಂದಿರುಗಿದ ಸೈನಿಕರಿಗೆ 1944ರ ಕಾನೂನು ಮನೆ ಕೊಳ್ಳಲು ಸುಲಭದ ಸಾಲದ ದಾರಿ ಮಾಡಿತು. ಸರಕಾರದ ಜಾಮೀನುಳ್ಳ ಸಾಲ ಊರ ಹೊರಗಿನ ಹೊಸ ಬಡಾವಣೆಗಳಿಗೆ ಧಾರಾಳವಾಗಿ ಹರಿಯಿತು. ಕಪ್ಪು ಜನರಿದ್ದ ಹಳೆಯ ಕೇರಿಗಳಿಗೆ ಬಹುಮಟ್ಟಿಗೆ ಸಿಕ್ಕಲಿಲ್ಲ. 1954ರ ತೆರಿಗೆ ಕಾನೂನು ಹೊಸ ಕಟ್ಟಡಗಳ ಸವಕಳಿಯನ್ನು ಮೊದಲ ವರ್ಷಗಳಲ್ಲಿಯೇ ಹೆಚ್ಚಾಗಿ ಕಳೆಯಲು ಅವಕಾಶ ಕೊಟ್ಟಿತು. ಹಳೆಯದನ್ನು ದುರಸ್ತಿ ಮಾಡುವುದಕ್ಕಿಂತ ಬಯಲಿನಲ್ಲಿ ಹೊಸದನ್ನು ಕಟ್ಟುವುದೇ ಲಾಭವಾಯಿತು. 1956ರಲ್ಲಿ ದೇಶದ ಉದ್ದಗಲಕ್ಕೂ ಹೆದ್ದಾರಿಗಳನ್ನು ಹಾಸುವ ಶಾಸನ ಬಂದಿತು.

ಅದೇ 1956ರಲ್ಲಿ ರಾಚೆಸ್ಟರ್ ತನ್ನ ಸುರಂಗ ರೈಲಿನ ಪ್ರಯಾಣಿಕರನ್ನು ಇಳಿಸಿ ಕಳುಹಿಸಿತು. ಈರೀ ಕಾಲುವೆಯ ಬರಿದಾದ ಪಾತ್ರದಲ್ಲಿ 1927ರಿಂದ ಓಡುತ್ತಿದ್ದ ಆ ಪುಟ್ಟ ರೈಲು, ಇಷ್ಟು ಚಿಕ್ಕ ಊರಿಗೆ ಅಪರೂಪದ ಆಸ್ತಿಯಾಗಿತ್ತು. ಅದರ ದಾರಿಯ ಒಂದು ಭಾಗ ಮುಂದೆ ಹೆದ್ದಾರಿಯ ಹೊಟ್ಟೆಗೆ ಹೋಯಿತು. ಪೇಟೆಯ ಸುತ್ತಲೂ 'ಇನ್ನರ್ ಲೂಪ್' ಎಂಬ ತಗ್ಗಿನ ರಸ್ತೆಯನ್ನು ತೋಡಿದರು; 1965ರ ಹೊತ್ತಿಗೆ ಉಂಗುರ ಪೂರ್ತಿಯಾಯಿತು. ಕಾರುಗಳು ಬೇಗ ಬರಲೆಂದು ತೋಡಿದ ರಸ್ತೆ ಅದು. ಆದರೆ ಬೇಗ ಬರುವ ದಾರಿಯೇ ಬೇಗ ಹೋಗುವ ದಾರಿಯೂ ಹೌದಲ್ಲವೆ? ಕೋಟೆಗೆ ಕಂದಕವಿದ್ದಂತೆ ಪೇಟೆಗೆ ಒಂದು ಕಂದಕವಾಯಿತು. ಪಕ್ಕದ ಕೇರಿಯವನು ನಡೆದು ಬರುವ ದಾರಿ ಮುಚ್ಚಿತು.

ಈ ಸಂದರ್ಭದಲ್ಲಿ ಕಥೆಯೊಳಗೆ ಒಬ್ಬ ವಿಚಿತ್ರ ಪುರುಷನ ಪ್ರವೇಶವಾಗುತ್ತದೆ. ಅವನ ಹೆಸರು ವಿಕ್ಟರ್ ಗ್ರೂಯೆನ್. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದ್ಯ, ವೃತ್ತಿಯಲ್ಲಿ ವಾಸ್ತುಶಿಲ್ಪಿ. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿದಾಗ ಊರು ಬಿಟ್ಟು ಅಮೆರಿಕಾ ಸೇರಿದನು. ವಿಯೆನ್ನಾದಲ್ಲಿ ಜನ ಮನೆಯಿಂದ ಹೊರಬಿದ್ದು ಬೀದಿಯಲ್ಲಿ ಅಡ್ಡಾಡುವರು. ಕಾಫಿಯ ಅಂಗಡಿಯಲ್ಲಿ ಕುಳಿತು ಹರಟುವರು. ಚೌಕಗಳಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುವರು. ಅಮೆರಿಕಾದ ಬಡಾವಣೆಗಳಲ್ಲಿ ಮನೆಯಿಂದ ಹೊರಬಿದ್ದವನು ಕಾರಿನೊಳಗೆ ಬೀಳುತ್ತಿದ್ದನು. ಇದು ಗ್ರೂಯೆನ್ನನ ಕಣ್ಣಿಗೆ ರೋಗವಾಗಿ ಕಂಡಿತು. ಚದುರಿದ ಬಡಾವಣೆಗೆ ಒಂದು ಹೃದಯವನ್ನು ಕಟ್ಟಿಕೊಟ್ಟರೆ ರೋಗ ವಾಸಿಯಾದೀತೆಂದು ಆತ ನಂಬಿದನು. 1954ರಲ್ಲಿ ಡೆಟ್ರಾಯಿಟ್ ಬಳಿ ನಾರ್ತ್‌ಲ್ಯಾಂಡ್, 1956ರಲ್ಲಿ ಮಿನಿಯಾಪೊಲಿಸ್ ಬಳಿಯ ಈಡೈನಾದಲ್ಲಿ ಸೌತ್‌ಡೇಲ್ ಎಂಬ ವ್ಯಾಪಾರ ಕೇಂದ್ರಗಳು ಅವನ ನಕ್ಷೆಯಂತೆ ಎದ್ದವು. ಸೌತ್‌ಡೇಲ್ ಪೂರ್ತಿಯಾಗಿ ಮೇಲುಹೊದಿಕೆಯುಳ್ಳದ್ದು. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ವಸಂತ. ಇಂದು ಲೋಕವೆಲ್ಲ ಕಾಣುವ 'ಮಾಲ್' ಎಂಬ ವಂಶಕ್ಕೆ ಅದೇ ಮೂಲಪುರುಷ. ಅದರ ಸುತ್ತ ಮನೆ, ಶಾಲೆ, ಆಸ್ಪತ್ರೆಗಳೂ ಇರಬೇಕೆಂದು ಗ್ರೂಯೆನ್ನನ ಆಸೆ. ಕಟ್ಟಿದವರು ಅಂಗಡಿಗಳನ್ನು ಕಟ್ಟಿ, ಸುತ್ತಲೂ ಕಾರು ನಿಲ್ಲಿಸುವ ಬಯಲು ಹಾಸಿದರು. 'ತಾನೊಂದು ಬಗೆದರೆ ದೈವವೊಂದು ಬಗೆಯಿತು' ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯುವುದು ಕಷ್ಟ.

ಇಂಥ ಗ್ರೂಯೆನ್ನನನ್ನು ರಾಚೆಸ್ಟರಿನ ಇಬ್ಬರು ವರ್ತಕರು ಕರೆಸಿಕೊಂಡರು. ಗಿಲ್ಬರ್ಟ್ ಮೆಕರ್ಡಿ ಮತ್ತು ಮಾರಿಸ್ ಫಾರ್ಮನ್ ಪರಸ್ಪರ ಪೈಪೋಟಿಯ ಅಂಗಡಿಗಳ ಒಡೆಯರು. ಗಿರಾಕಿಗಳು ಊರ ಹೊರಗೆ ಹರಿದುಹೋಗುತ್ತಿರುವುದನ್ನು ಇಬ್ಬರೂ ಕಂಡರು. ತಾವೂ ಗಂಟುಮೂಟೆ ಕಟ್ಟಿ ಅವರ ಹಿಂದೆ ಓಡಬಹುದಾಗಿತ್ತು. ಹಾಗೆ ಮಾಡದೆ, ಎರಡು ಅಂಗಡಿಗಳ ನಡುವಣ ಜಾಗಕ್ಕೆ ಮಾಡು ಹೊದಿಸಿ, ಬಡಾವಣೆಯ ಸೌಕರ್ಯವನ್ನೇ ಊರ ನಡುವೆ ತಂದಿರಿಸುವ ಸಾಹಸಕ್ಕೆ ಕೈಹಾಕಿದರು. ನಗರಸಭೆಯು ನೆಲದಡಿಯಲ್ಲಿ ಸುಮಾರು 2,000 ಕಾರುಗಳಿಗೆ ನಿಲುಗಡೆ ಕಟ್ಟಿತು. 1962ರ ಏಪ್ರಿಲ್ ತಿಂಗಳಲ್ಲಿ 'ಮಿಡ್‌ಟೌನ್ ಪ್ಲಾಜಾ' ಬಾಗಿಲು ತೆರೆಯಿತು. ಅಮೆರಿಕಾದಲ್ಲಿ ಹಳೆಯ ಪೇಟೆಯ ಒಡಲಿನಲ್ಲಿಯೇ ಎದ್ದ ಮೊದಲ ಒಳಾಂಗಣ ವ್ಯಾಪಾರ ಕೇಂದ್ರವೆಂದು ಅದು ಹೆಸರಾಯಿತು. ಬೇರೆ ಊರುಗಳ ಅಧಿಕಾರಿಗಳು ಬಂದು ನೋಡಿ ಹೋದರು.

ಅಂಗಡಿಗಳ ನಡುವೆ ವಿಶಾಲವಾದ ಚೌಕ, ಮೇಲಿನಿಂದ ಇಳಿಯುವ ಹಗಲಿನ ಬೆಳಕು, ಕುಳಿತುಕೊಳ್ಳಲು ಬೆಂಚುಗಳು. ಚೌಕದ ನಡುವೆ ಗಡಿಯಾರ. ಅದನ್ನು ರೂಪಿಸಿದವಳು ಗ್ರೂಯೆನ್ನನ ಕಚೇರಿಯಲ್ಲಿದ್ದ ಜೆರಿ ಕವನಾ ಎಂಬ ಕಲಾವಿದೆ. ನಡುಗಂಬದ ಸುತ್ತ ಹನ್ನೆರಡು ಗೂಡುಗಳು. ಒಂದೊಂದು ಗೂಡು ಒಂದೊಂದು ದೇಶಕ್ಕೆ. ಗಂಟೆಯಾದೊಡನೆ ಸಂಗೀತ ಕೇಳುವುದು. ಗೂಡುಗಳು ತೆರೆದುಕೊಂಡು ಆಯಾ ದೇಶದ ವೇಷ ತೊಟ್ಟ ಬೊಂಬೆಗಳು ಕಾಣುವುವು. 'ದೇಶಗಳ ಗಡಿಯಾರ' ಎಂದು ಅದರ ಹೆಸರು. ಊರಿನಲ್ಲಿ ಯಾರು ಯಾರನ್ನು ಕಾಣಬೇಕಾದರೂ ವಿಳಾಸ ಒಂದೇ ಆಯಿತು: ಗಡಿಯಾರದ ಕೆಳಗೆ. ಕ್ರಿಸ್‌ಮಸ್ ಬಂದಿತೆಂದರೆ ಮಕ್ಕಳು ಮಾತ್ರ ಹಿಡಿಸುವ ಒಂದು ಪುಟ್ಟ ಮಾನೊರೈಲು ಚಾವಣಿಯ ಕೆಳಗೆ, ಕೊಳ್ಳುವವರ ತಲೆಯ ಮೇಲೆ, ಸುತ್ತು ಹಾಕುವುದು. ಕೆಳಗೆ ನಿಂತ ತಂದೆತಾಯಿಗಳು ತಲೆಯೆತ್ತಿ ಕೈಬೀಸುವರು. ಆ ರೈಲಿನಲ್ಲಿ ಕುಳಿತ ಮಗುವಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ದೊಡ್ಡವರೆಲ್ಲರೂ ಚಿಕ್ಕವರಾಗಿ ಕಂಡಿರಬೇಕು.

ಒಳಗೆ ಹನ್ನೆರಡು ದೇಶಗಳ ಬೊಂಬೆಗಳು ಗಂಟೆಗೊಮ್ಮೆ ಸ್ನೇಹದಿಂದ ಮುಖ ತೋರಿಸುತ್ತಿದ್ದವು. ಹೊರಗೆ ಒಂದೇ ದೇಶದ ಎರಡು ಬಣ್ಣದ ಜನ ಒಬ್ಬರ ಮುಖ ಒಬ್ಬರು ನೋಡದೆ ಬಾಳುತ್ತಿದ್ದರು. ದಕ್ಷಿಣದಿಂದ ಕೆಲಸ ಅರಸಿ ಬಂದ ಕಪ್ಪು ಜನರಿಗೆ ಕಾರ್ಖಾನೆಗಳಲ್ಲಿ ಒಳ್ಳೆಯ ಕೆಲಸ ದುರ್ಲಭ, ಒಳ್ಳೆಯ ಮನೆ ಅದಕ್ಕಿಂತ ದುರ್ಲಭ. 1964ರ ಜುಲೈ 24ರ ರಾತ್ರಿ ಜೋಸೆಫ್ ಅವೆನ್ಯೂ ಬಳಿ ಸಿಟ್ಟು ಸಿಡಿಯಿತು. ಗಲಭೆ ಮೂರು ದಿನ ನಡೆಯಿತು. ರಾಜ್ಯದ ಸೈನ್ಯ ಬಂದಿತು. ಆ ಬೀದಿಯ ಚಿಕ್ಕ ಅಂಗಡಿಗಳು ಹಾಳಾದವು. ಮಿಡ್‌ಟೌನಿಗೆ ಆಗ ಎರಡು ವರ್ಷ ತುಂಬಿತ್ತಷ್ಟೆ. ಚೌಕವೊಂದನ್ನು ಕಟ್ಟಿದ ಮಾತ್ರಕ್ಕೆ ಊರು ಒಂದಾಗುವುದಿಲ್ಲವೆಂಬುದನ್ನು ರಾಚೆಸ್ಟರ್ ಅಷ್ಟು ಬೇಗ ಕಲಿಯಬೇಕಾಯಿತು. ಊರು ಬಿಡುತ್ತಿದ್ದ ಬಿಳಿಯರಿಗೆ ಇದು ಇನ್ನೊಂದು ನೆಪವಾಯಿತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಇಳಿಜಾರಿನಲ್ಲಿ ಕಾಲು ತಾನಾಗಿ ಓಡುತ್ತದೆ. 1971ರಲ್ಲಿ ವಿಕ್ಟರ್ ಎಂಬ ಹಳ್ಳಿಗಾಡಿನ ಊರಿನಲ್ಲಿ ಈಸ್ಟ್‌ವ್ಯೂ ಮಾಲ್, 1982ರಲ್ಲಿ ಹೆನ್ರಿಯೆಟ್ಟಾದಲ್ಲಿ ಮಾರ್ಕೆಟ್‌ಪ್ಲೇಸ್ ಮಾಲ್, 1990ರಲ್ಲಿ ಇನ್ನೊಂದು ಅಂಚಿನಲ್ಲಿ ಐರಾಂಡಿಕ್ವಾಯ್ಟ್ ಮಾಲ್ ಎದ್ದವು. ಸಿಬ್ಲೀಸ್ ತಾನೂ ಬಡಾವಣೆಗಳಲ್ಲಿ ಶಾಖೆಗಳನ್ನು ತೆರೆದು ತನ್ನ ಗಿರಾಕಿಯನ್ನು ತಾನೇ ಮೇನ್ ಸ್ಟ್ರೀಟಿನಿಂದ ಬಿಡಿಸಿತು. ಅದರ ಒಡೆತನ ಆಗಲೇ ಊರ ಕೈಬಿಟ್ಟು ಹೊರಗಿನ ದೊಡ್ಡ ಕಂಪನಿಗೆ ಸೇರಿತ್ತು. 1986ರಲ್ಲಿ ಆ ಕಂಪನಿಯನ್ನು ಇನ್ನೂ ದೊಡ್ಡದೊಂದು ನುಂಗಿತು. 1990ರಲ್ಲಿ ಸಿಬ್ಲೀಸ್ ಎಂಬ ಹೆಸರೇ ಅಳಿದು ಪಿಟ್ಸ್‌ಬರ್ಗಿನ ಕಾಫ್‌ಮನ್ಸ್ ಎಂಬ ಹೆಸರು ಬಂದಿತು. ಮೇನ್ ಸ್ಟ್ರೀಟಿನ ಅಂಗಡಿ ಅದೇ ವರ್ಷ ಮುಚ್ಚಿತು. 2006ರಲ್ಲಿ ಕಾಫ್‌ಮನ್ಸ್ ಹೋಗಿ ಮೇಸೀಸ್ ಆಯಿತು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು ಹಳೆಯ ನ್ಯಾಯ. ನುಂಗಿದ ಮೇಲೆ ಅದರ ಹೆಸರನ್ನೂ ಜೀರ್ಣಿಸಿಕೊಳ್ಳುವುದು ಹೊಸ ನ್ಯಾಯ. 1994ರಲ್ಲಿ ಮೆಕರ್ಡೀಸ್ ಮುಚ್ಚಿತು. ಕಾರ್ಖಾನೆಗಳೂ ಕುಗ್ಗಿದವು, 1980ರ ದಶಕದ ಆರಂಭದಲ್ಲಿ ಸುಮಾರು 60,000 ಜನಕ್ಕೆ ಆ ಊರಿನಲ್ಲಿ ಅನ್ನ ಕೊಟ್ಟಿದ್ದ ಕೊಡಕ್ 2012ರ ಜನವರಿಯಲ್ಲಿ ದಿವಾಳಿಯ ಅರ್ಜಿ ಹಾಕಿತು. ಅಷ್ಟರಲ್ಲಿ, 2008ರಲ್ಲಿಯೇ, ಮಿಡ್‌ಟೌನ್ ಬಾಗಿಲು ಮುಚ್ಚಿತ್ತು. 2010ರಲ್ಲಿ ಯಂತ್ರಗಳು ಬಂದು ಅದನ್ನು ಕೆಡವಿದವು. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 2,11,328ಕ್ಕೆ ಇಳಿದಿತ್ತು.

ತಪ್ಪು ಯಾರದು? ವರ್ತಕರದೆಂದರೆ, ಇಬ್ಬರು ವರ್ತಕರು ಊರು ಬಿಡದೆ ನಿಂತದ್ದೂ ನಿಜ. ಸರಕಾರದ್ದೆಂದರೆ, ರಸ್ತೆ ಬೇಡವೆಂದ ಪ್ರಜೆಗಳು ಕೆಲವರೇ. ಕೊಳ್ಳುವವರದೆಂದರೆ, ಮಳೆಯಲ್ಲಿ ನೆನೆಯದೆ, ನಿಲುಗಡೆಗೆ ಕಾಸು ಕೊಡದೆ, ನಾಲ್ಕು ಕಾಸು ಕಡಿಮೆಗೆ ಸಿಕ್ಕುವೆಡೆಗೆ ಹೋಗುವುದು ಮನುಷ್ಯ ಸ್ವಭಾವ. ಒಂದು ಅಂಗಿಗಾಗಿ ಬಡಾವಣೆಯ ಮಾಲಿಗೆ ಹೋದ ಯಾವ ಗೃಹಿಣಿಯೂ ತಾನು ಒಂದು ಊರನ್ನು ಬರಿದು ಮಾಡುತ್ತಿದ್ದೇನೆಂದು ಎಣಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಸರಿಯಾಗಿಯೇ ಹಾಕಿದರು. ಎಲ್ಲರ ಸರಿಯಾದ ಲೆಕ್ಕಗಳನ್ನು ಕೂಡಿಸಿದಾಗ ಮೊತ್ತ ತಪ್ಪಾಗಿ ಬಂದಿತು. ಏಕೆಂದರೆ ಬೆಲೆಚೀಟಿಯಿಲ್ಲದ ಆ ಸರಕು ಯಾರ ಲೆಕ್ಕದಲ್ಲಿಯೂ ಸೇರಿರಲಿಲ್ಲ.

ಮಾಲಿನಲ್ಲಿಯೂ ಜನ ಸೇರುತ್ತಾರಲ್ಲ, ಅಲ್ಲಿಯೂ ಬೆಂಚುಗಳಿವೆಯಲ್ಲ ಎಂದು ಕೇಳಬಹುದು. ಇವೆ. ಆದರೆ ಕಾರಿಲ್ಲದವನು ಅಲ್ಲಿಗೆ ಬರುವುದು ಕಷ್ಟ. ಬಾರದವನು ಅಲ್ಲಿದ್ದವರ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದವನು ಕಾಲಕ್ರಮದಲ್ಲಿ ಮನಸ್ಸಿನಿಂದಲೂ ಜಾರುತ್ತಾನೆ. ಮೇನ್ ಸ್ಟ್ರೀಟಿನಲ್ಲಿ ಶ್ರೀಮಂತನು ಬಡವನನ್ನು ಪ್ರೀತಿಸುತ್ತಿದ್ದನೆಂದಲ್ಲ, ಕಾಣುತ್ತಿದ್ದನು. ಪ್ರೀತಿಗೂ ನ್ಯಾಯಕ್ಕೂ ಕಾಣುವುದೇ ಮೊದಲ ಮೆಟ್ಟಲು.

ಇದನ್ನು ಎಲ್ಲರಿಗಿಂತ ಕಟುವಾಗಿ ಅರಿತವನು ಗ್ರೂಯೆನ್. 1968ರಲ್ಲಿ ಆತನು ಅಮೆರಿಕಾ ಬಿಟ್ಟು ವಿಯೆನ್ನಾಕ್ಕೆ ಮರಳಿದನು. ಅಲ್ಲಿ ಆ ಹಳೆಯ ಊರಿನ ದಕ್ಷಿಣಕ್ಕೂ ಒಂದು ಬೃಹತ್ ವ್ಯಾಪಾರ ಕೇಂದ್ರ ಎದ್ದು ಚಿಕ್ಕ ಅಂಗಡಿಗಳಿಗೆ ಭೀತಿ ಹುಟ್ಟಿಸಿತು. ಊರನ್ನು ಬಿಟ್ಟೋಡಿ ಬಂದರೂ ಹಿಂಬಾಲಿಸುವ ನೆರಳಿನಂತಾಯಿತು ಅವನ ಗತಿ. 1978ರಲ್ಲಿ ಲಂಡನ್ನಿನಲ್ಲಿ ಮಾತನಾಡುತ್ತ, ತನ್ನ ಹೆಸರಿನಲ್ಲಿ ಬೆಳೆದ ಈ ಮಾಲುಗಳು ತನ್ನ ಔರಸ ಸಂತಾನವಲ್ಲವೆಂದೂ ಅವಕ್ಕೆ ಜೀವನಾಂಶ ಕೊಡಲು ತಾನು ಸಿದ್ಧನಿಲ್ಲವೆಂದೂ ಬೇಸರದಿಂದ ನಿರಾಕರಿಸಿದನು. ಎರಡು ವರ್ಷಗಳ ಅನಂತರ, 1980ರಲ್ಲಿ, ತೀರಿಕೊಂಡನು. ಚೌಕವನ್ನು ಕಟ್ಟಲು ಹೊರಟವನ ಕೈಯಿಂದ ಚೌಕಗಳ ಶತ್ರು ಹುಟ್ಟಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮೇನ್ ಸ್ಟ್ರೀಟನ್ನು ಬರಿದು ಮಾಡಿದ ಮಾಲುಗಳಿಗೂ ಮುಪ್ಪು ಬಂದಿತು. ಮನೆಯಲ್ಲಿ ಕುಳಿತು ಬೆರಳಿನಿಂದಲೇ ಕೊಳ್ಳುವ ಕಾಲ ಬಂದಾಗ ಅವುಗಳ ನಡುಪಡಸಾಲೆಗಳೂ ಬಿಕೋ ಎಂದವು. ಐರಾಂಡಿಕ್ವಾಯ್ಟ್ ಮಾಲಿನ ಕಥೆ ಬೇಗ ಮುಗಿಯಿತು. ಮಾರ್ಕೆಟ್‌ಪ್ಲೇಸ್ ಮಾಲಿನಲ್ಲಿ ಸಿಯರ್ಸ್ ಅಂಗಡಿಯಿದ್ದೆಡೆ ಈಗ ರಾಚೆಸ್ಟರ್ ವಿಶ್ವವಿದ್ಯಾನಿಲಯದವರ ಮೂಳೆಚಿಕಿತ್ಸೆಯ ಕೇಂದ್ರ. ಹಿಂದೆ ಮಾಲಿನಲ್ಲಿ ತಿರುತಿರುಗಿ ಕಾಲುನೋಯಿಸಿಕೊಂಡವರು ಇಂದು ಅದೇ ಜಾಗಕ್ಕೆ ಕಾಲು ತೋರಿಸಲು ಬರುತ್ತಾರೆಂದು ವಿನೋದಕ್ಕೆ ಹೇಳಬಹುದು.

ಇನ್ನರ್ ಲೂಪಿನ ಪೂರ್ವ ಭಾಗದ ಕಂದಕವನ್ನು ನಗರಸಭೆಯು 2017ರ ಹೊತ್ತಿಗೆ ಮಣ್ಣು ತುಂಬಿ ಮುಚ್ಚಿತು. ಮೇಲೆ ಸಾಮಾನ್ಯವಾದ ಬೀದಿ ಬಂದಿತು, ಬೀದಿಯ ಪಕ್ಕದಲ್ಲಿ ಮನೆಗಳು ಬಂದವು. ಅರ್ಧ ಶತಮಾನದ ಹಿಂದೆ ಹಣ ಕೊಟ್ಟು ತೋಡಿದ್ದನ್ನು ಹಣ ಕೊಟ್ಟು ತುಂಬಿದ್ದಾಯಿತು. ಸಿಬ್ಲೀಸ್ ಕಟ್ಟಡ ಕೆಡವದೆ ಉಳಿಯಿತು. ಒಂದು ಕಾಲಕ್ಕೆ ಮಂಚಗಳನ್ನು ಮಾರುತ್ತಿದ್ದ ಆ ಕಟ್ಟಡದಲ್ಲಿ ಈಗ ಜನರು ಮಂಚ ಹಾಕಿಕೊಂಡು ವಾಸವಾಗಿದ್ದಾರೆ. ಮಿಡ್‌ಟೌನಿನ ಗೋಪುರ ಹೊಸ ಮೈಯನ್ನು ಪಡೆದು 'ಟವರ್ 280' ಎಂಬ ಹೆಸರಿನ ವಸತಿಯಾಯಿತು. ದೇಶಗಳ ಗಡಿಯಾರವು ಅಂಗಡಿಗಳು ಮುಚ್ಚಿದ ಮೇಲೆ ಕೆಲವು ವರ್ಷ ವಿಮಾನ ನಿಲ್ದಾಣದಲ್ಲಿ ಪರದೇಶಿಯಂತೆ ನಿಂತಿತ್ತು. ಕೊನೆಗೆ ಹಿಂದಿರುಗಿ ಅದೇ ಗೋಪುರದ ಒಳಾಂಗಣವನ್ನು ಸೇರಿತು. ಊರಿನ ಅರುವತ್ತು ದಾಟಿದವರನ್ನು ಕೇಳಿದರೆ, ಮಿಡ್‌ಟೌನಿನಲ್ಲಿ ಏನೇನು ಕೊಂಡಿದ್ದರೆಂಬುದನ್ನು ಬಹುಶಃ ಹೇಳಲಾರರು. ಆ ಗಡಿಯಾರದ ಕೆಳಗೆ ಯಾರಿಗಾಗಿ ಕಾದು ನಿಂತಿದ್ದರೆಂಬುದನ್ನು ಮರೆತಿರಲಾರರು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಇನ್ನೊಂದಿದೆ. ಮಿಡ್‌ಟೌನ್ ಕೆಡವಿದ ಜಾಗದಲ್ಲಿ ಒಂದು ತುಂಡು ನೆಲ ಏನನ್ನೂ ಕಟ್ಟದೆ ಉಳಿಯಿತು. ಸರ್ವೆಯ ನಕ್ಷೆಯಲ್ಲಿ ಅದು ಐದನೆಯ ನಿವೇಶನ. ಜನರೂ ಅದನ್ನು 'ಪಾರ್ಸೆಲ್ ಫೈವ್' ಎಂದೇ ಕರೆದರು. ಅಲ್ಲಿ ನಾಟಕಶಾಲೆ ಕಟ್ಟುವ ಯೋಜನೆಯೂ ಬಂದು ಹೋಯಿತು. ಯಾರೂ ಏನನ್ನೂ ಕಟ್ಟದಿರುವಾಗ ಊರವರು ಅದನ್ನು ಬಳಸತೊಡಗಿದರು. ಬೇಸಗೆಯ ಸಂಜೆಗಳಲ್ಲಿ ಅಲ್ಲಿ ಸಂಗೀತ ಕಚೇರಿ ನಡೆಯುತ್ತದೆ. ಜಾಜ್ ಉತ್ಸವದ ದಿನಗಳಲ್ಲಿ ಜನ ಕಿಕ್ಕಿರಿಯುತ್ತಾರೆ. ಬಾಗಿಲಿಲ್ಲ, ಮಾಡಿಲ್ಲ, ಬೆಲೆಚೀಟಿಯಂತೂ ಇಲ್ಲವೇ ಇಲ್ಲ. ಬಿಳಿಯರೂ ಕಪ್ಪು ಜನರೂ, ಕಾರಿನಲ್ಲಿ ಬಂದವರೂ ಬಸ್ಸಿನಲ್ಲಿ ಬಂದವರೂ ಒಂದೇ ನೆಲದ ಮೇಲೆ ನಿಂತು ಒಂದೇ ಹಾಡಿಗೆ ತಲೆದೂಗುತ್ತಾರೆ. ಹಾಡು ಮುಗಿದ ಮೇಲೆ ಅವರವರ ದಾರಿ ಅವರವರಿಗೆ. ಆದರೂ ಅಷ್ಟು ಹೊತ್ತು ಒಬ್ಬರನ್ನೊಬ್ಬರು ಕಂಡಿರುತ್ತಾರೆ.

ನೆಲದಡಿಯಲ್ಲಿ, 1962ರಲ್ಲಿ ಕಟ್ಟಿದ ಕಾರುಗಳ ನಿಲುಗಡೆ ಇಂದಿಗೂ ಇದೆ. ಮೇಲೆ ಜನರು ನಿಲ್ಲಲು ಜಾಗ ಸಿಕ್ಕಲು ಮಾತ್ರ ಇಷ್ಟು ಕಾಲ ಬೇಕಾಯಿತು.